ಮುಳ್ಳಿಲ್ಲದ ಗಾಳ

ಪಂಕ್ಚರ್ ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವವನನ್ನು ಎಲ್ಲರೂ ಇಕ್ಕಳ ಅಂತಲೇ ಕರೆಯುತ್ತಾರೆ. ಅವನ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಸದಾ ಒಂದು ಇಕ್ಕಳ ಇರುತ್ತದೆ. ಚುಚ್ಚುತ್ತದೆ ಅಂತ ಅವನು ಕೂರುವುದೂ ವಾರೆಯಾಗಿಯೇ. ಮದುವೆಯಾಗಿಲ್ಲ. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದ. ಭಾವ ಲಾರಿ ಡ್ರೈವರ್, ದೂರದ ಲೈನು. ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಅಕ್ಕನ ಮಕ್ಕಳಿಬ್ಬರೂ ಬೆಳೆದದ್ದು ಇಕ್ಕಳನ ಹೆಗಲ ಮೇಲೆ. ದೊಡ್ಡವಳು ಗುಬ್ಬಿ, ಆರು ವರ್ಷ. ಅವಳ ತಮ್ಮ ಇನ್ನೂ ತೊದಲು ಮಾತಾಡುತ್ತಿದ್ದ.

ಭಾನುವಾರ ಅಂಗಡಿಗೆ ರಜಾ. ಅವತ್ತು ಅವನು ಹಳೇ ಸ್ಕೂಟರಿನ ಮುಂದೆ ಗುಬ್ಬಿಯನ್ನು ನಿಲ್ಲಿಸಿಕೊಂಡು, ಹಿಂದೆ ಅಕ್ಕನನ್ನೂ ಚಿಕ್ಕವನನ್ನೂ ಕೂರಿಸಿಕೊಂಡು ಊರಾಚೆಯ ಕೆರೆಗೆ ಮೀನು ಹಿಡಿಯಲು ಹೊರಡುತ್ತಿದ್ದ. ಎಷ್ಟೋ ಸಲ ನಾನೂ ಸೈಕಲ್ ತುಳಿದುಕೊಂಡು ಹಿಂದೆ ಹೋಗಿದ್ದೇನೆ.

ದಾರ ನೀರಿಗೆ ಬಿಡುವ ಮುಂಚೆ ಅವನದೊಂದು ಕೆಲಸ ಇತ್ತು. ಗಾಳದ ತುದಿಯ ಹತ್ತಿರ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳು ಇರುತ್ತದೆ. ಬಾಯಿಗೆ ಸಿಕ್ಕ ಗಾಳವನ್ನು ಮೀನು ಬಿಡಿಸಿಕೊಳ್ಳಲಾಗದ ಹಾಗೆ ಹಿಡಿಯುವುದು ಆ ಮುಳ್ಳೇ. ಇಕ್ಕಳ ಒಂದೊಂದೇ ಗಾಳ ತೆಗೆದುಕೊಂಡು ಆ ಮುಳ್ಳನ್ನು ಜೇಬಿನ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತಿದ್ದ. ಆಮೇಲೆ ಅದರ ಮೇಲೆ ಬೆರಳು ಆಡಿಸಿ ನೋಡುತ್ತಿದ್ದ.

"ಹೀಗೆ ಮಾಡಿದ್ರೆ ಮೀನು ಊಟ ಮುಗಿಸಿ ಕೈ ತೊಳ್ಕೊಂಡು ಹೋಗ್ತವೆ ಅಷ್ಟೇ," ಅಂತ ನಾನು ಅಂದೆ ಒಂದು ಸಲ.

"ಹೋಗ್ಲಿ ಬಿಡೋ. ಮಕ್ಕಳ ಕೈಲಿ ಇರೋ ಗಾಳ, ಎಲ್ಲಿ ಚುಚ್ಕೊಳ್ತಾವೋ ಯಾರು ಕಂಡ್ರು? ಮುಳ್ಳಿಲ್ದಿದ್ರೆ ಸಲೀಸಾಗಿ ಈಚೆ ಬರುತ್ತೆ."

ಹತ್ತಕ್ಕೆ ಏಳು ಮೀನು ದಡಕ್ಕೆ ಬರುವ ಮುಂಚೆಯೇ ಜಾರಿ ಹೋಗುತ್ತಿದ್ದವು. ಆಗೆಲ್ಲ ಗುಬ್ಬಿ "ಮಾವಾ, ಅದು ಟಾಟಾ ಮಾಡ್ತು!" ಅಂತ ಕುಣಿಯುವಳು. ಅವನೂ ನೀರಿನ ಕಡೆ ಕೈ ಬೀಸುವನು. ಅಷ್ಟು ನಗುವುದನ್ನು ನಾನು ಅಂಗಡಿಯಲ್ಲಿ ಯಾವತ್ತೂ ನೋಡಿಲ್ಲ.

ಹೋದ ವರ್ಷ ಭಾವನಿಗೆ ಊರಿನಲ್ಲೇ ಗೋದಾಮಿನ ಗಾಡಿ ಓಡಿಸುವ ಕೆಲಸ ಸಿಕ್ಕಿತು. ಮೊದಲನೇ ಭಾನುವಾರವೇ ಅವನು ರೀಲು ಇರುವ ಹೊಸ ಕೋಲುಗಳನ್ನು ತಂದ. ಹೊಳೆಯುವ ಗಾಳಗಳ ಪೊಟ್ಟಣವೂ ಇತ್ತು. ಅವತ್ತು ನಾನೂ ಇದ್ದೆ.

"ಭಾವ, ಒಂದು ನಿಮಿಷ. ಗಾಳ ಕೊಡಿ, ಮುಳ್ಳು ಒತ್ತಿಬಿಡ್ತೀನಿ," ಅಂತ ಇಕ್ಕಳ ಕೈ ಚಾಚಿದ.

"ಏನಯ್ಯಾ, ನೀನು ನಮಗೆ ನೆಂಟನೋ ಮೀನಿಗೆ ನೆಂಟನೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಇಕ್ಕಳ ಕೈ ಹಿಂದಕ್ಕೆ ತೆಗೆದುಕೊಂಡ.

ಸ್ವಲ್ಪ ಹೊತ್ತಿಗೆ ಗುಬ್ಬಿಗೆ ಅಂಗೈಯಗಲದ ಮೀನು ಬಿತ್ತು. ಜಾರಲಿಲ್ಲ. ಅವಳು ಅದನ್ನು ಎತ್ತಿಕೊಂಡು ಅಪ್ಪನ ಹತ್ತಿರ ಓಡಿದಳು. "ಅಪ್ಪನ ಗಾಳನೇ ಚೆನ್ನಾಗಿದೆ. ಮಾವಂದ್ರಲ್ಲಿ ಒಂದೂ ನಿಲ್ಲಲ್ಲ," ಅಂದಳು.

"ಹೌದು ಪುಟ್ಟಿ," ಅಂದ ಇಕ್ಕಳ. ಅವನ ಕಣ್ಣು ನೀರಿನಲ್ಲಿ ತೇಲುತ್ತಿದ್ದ ದಾರದ ಬೆಂಡಿನ ಮೇಲೇ ಇತ್ತು.

ಎರಡನೇ ಮೀನಿಗೆ ಅಂತ ಗುಬ್ಬಿ ಗಾಳಕ್ಕೆ ಹುಳು ಸಿಕ್ಕಿಸುವಾಗ ಚಿಕ್ಕವನು ದಾರ ಹಿಡಿದು ಜಗ್ಗಿದ. ಗಾಳ ಅವಳ ಹೆಬ್ಬೆರಳ ಬುಡಕ್ಕೆ ಪೂರ್ತಿ ಇಳಿಯಿತು. ಭಾವ ಓಡಿಬಂದು ಹಿಂದಕ್ಕೆ ಎಳೆದ. ಮುಳ್ಳು ಕಚ್ಚಿಕೊಂಡಿತ್ತು. ಚರ್ಮ ಗುಡಾರದ ಹಾಗೆ ಎದ್ದು ನಿಂತಿತು, ಗಾಳ ಬರಲಿಲ್ಲ.

"ಎಳೀಬೇಡಿ ಭಾವ, ಹರಿದುಹೋಗುತ್ತೆ!"

ಇಕ್ಕಳ ಮಂಡಿಯೂರಿ ಅವಳ ಕೈಯನ್ನು ಕಂಕುಳಲ್ಲಿ ಬಿಗಿಯಾಗಿ ಹಿಡಿದ. ಗಾಳವನ್ನು ಹಿಂದಕ್ಕೆ ಎಳೆಯದೆ ಮುಂದಕ್ಕೇ ತಳ್ಳಿದ. ಮೊನೆ ಚರ್ಮ ಸೀಳಿಕೊಂಡು ಇನ್ನೊಂದು ಕಡೆ ಬಂತು. ಮುಳ್ಳಿನ ಸಮೇತ ಮೊನೆಯನ್ನು ಇಕ್ಕಳದಿಂದ ಕತ್ತರಿಸಿದ. ಉಳಿದ ಕಡ್ಡಿ ಬಂದ ದಾರಿಯಲ್ಲೇ ಈಚೆ ಬಂತು. ಆಗ ಆ ಮಗು ಕಿರುಚಿದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಭಾವ ನೋಡಲಾರದೆ ಆಚೆ ತಿರುಗಿ ನಿಂತಿದ್ದ. ಮುಗಿದ ಮೇಲೆ ಅವನೇ ಬಂದು ಅವಳನ್ನು ಎತ್ತಿಕೊಂಡ.

ಅವನ ಹೆಗಲ ಮೇಲಿಂದ ಗುಬ್ಬಿ ಬೆರಳು ತೋರಿಸಿ ಅತ್ತಳು. "ಅಪ್ಪ ತೆಗೀತಿದ್ರು, ಮಾವ ಚುಚ್ಚಿದ! ಮಾವ ಇನ್ನೂ ಒಳಗೆ ಚುಚ್ಚಿದ!"

ಇಂಜೆಕ್ಷನ್ ಹಾಕಿಸಿದರು. ಗಾಯ ಬೇಗ ಮಾಯಿತು. ಆದರೆ ಇಕ್ಕಳನನ್ನು ಕಂಡರೆ ಗುಬ್ಬಿ ಅಮ್ಮನ ಸೆರಗಿನ ಹಿಂದೆ ಸೇರಿಕೊಳ್ಳುವಳು. ರಾತ್ರಿ ಬೆಚ್ಚಿಬಿದ್ದು ಏಳುವಳಂತೆ. ನಾನು ಅಕ್ಕನ ಹತ್ತಿರ ಹೋಗಿ, "ಅಕ್ಕಾ, ಅವನು ಮಾಡಿದ್ದೇ ಸರಿ, ನಾನೇ ನೋಡಿದ್ದೀನಿ," ಅಂದೆ.

"ನಂಗೂ ಗೊತ್ತು ಕಣಪ್ಪಾ. ಮಗುಗೆ ಗೊತ್ತಿಲ್ವಲ್ಲ. ಸ್ವಲ್ಪ ದಿನ ಅವನು ಬೇರೆ ಕಡೆ ಇರ್ಲಿ."

ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಇಕ್ಕಳ ಈಗ ಅಂಗಡಿಯ ಮೇಲಿನ ಅಟ್ಟದಲ್ಲಿ ಮಲಗುತ್ತಾನೆ. ಭಾನುವಾರವೂ ಒಂದು ಬಾಗಿಲು ತೆಗೆದು ಕೂರುತ್ತಾನೆ.

ಮೊನ್ನೆ ಶನಿವಾರ ಸಂಜೆ ಭಾವ ಬೈಕಿನಲ್ಲಿ ಬಂದ. ಗುಬ್ಬಿಯೂ ಬಂದಿದ್ದಳು. ಅವಳು ಕಿರಿದಾದ ರಸ್ತೆಯ ಆಚೆ ಬೈಕಿನ ಹತ್ತಿರವೇ ನಿಂತಳು. ಭಾವ ಒಳಗೆ ಬಂದು, ಜೇಬಿನಿಂದ ಗಾಳದ ಪೊಟ್ಟಣ ತೆಗೆದು ಇಕ್ಕಳನ ಮುಂದಿಟ್ಟ.

"ಇವಕ್ಕೆ ಮುಳ್ಳು ಒತ್ತಿ ಕೊಡು. ನಾನು ಒತ್ತಿದ್ರೆ ಮುರಿದೇಹೋಗ್ತವೆ. ನಾಳೆ ಮತ್ತೆ ಶುರು ಮಾಡೋಣ ಅಂತ."

ಇಕ್ಕಳ ಪೊಟ್ಟಣ ಕೈಗೆತ್ತಿಕೊಂಡ. "ಬರ್ತಾಳಂತಾ?" ಅಂತ ಕೇಳಿದ.

"ಚುಚ್ಚದಿರೋ ಗಾಳ ಇದ್ರೆ ಬರ್ತೀನಿ ಅಂದಿದ್ದಾಳೆ."

"ನಾನು..." ಅಂದವನು ಅಲ್ಲಿಗೇ ನಿಲ್ಲಿಸಿದ. ಭಾವ ಚಪ್ಪಲಿ ನೋಡಿಕೊಂಡ.

ರಸ್ತೆಯ ಆಚೆಯಿಂದ ಅವಳ ಕಣ್ಣಿಗೆ ಬೀಳಬಾರದು ಅಂತ ಇಕ್ಕಳ ಹಳೇ ಟೈರುಗಳ ರಾಶಿಯ ಹಿಂದೆ ಹೋಗಿ ಕೂತ. ಒಂದೊಂದೇ ಗಾಳ ಒತ್ತಿದ. ಒಂದೊಂದರ ಮೇಲೂ ಬೆರಳು ಆಡಿಸಿ ನೋಡಿದ. ಪೊಟ್ಟಣವನ್ನು ನನ್ನ ಕೈಗೆ ಕೊಟ್ಟ. ನಾನು ಭಾವನಿಗೆ ಕೊಟ್ಟೆ.

ಭಾವ ರಸ್ತೆ ದಾಟಿ ಮಗಳ ಮುಂದೆ ಬಗ್ಗಿದ. "ನೋಡು, ಅಪ್ಪ ಮುಳ್ಳೆಲ್ಲಾ ತೆಗೆದುಬಿಟ್ಟಿದ್ದಾರೆ. ಮುಟ್ಟಿ ನೋಡು."

ಗುಬ್ಬಿ ಹೆದರುತ್ತಲೇ ಬೆರಳು ಆಡಿಸಿದಳು. ಥೇಟು ಇಕ್ಕಳನ ಹಾಗೆಯೇ. ಆಮೇಲೆ ನಕ್ಕು ಅಪ್ಪನ ಕೊರಳಿಗೆ ಜೋತುಬಿದ್ದಳು.

ಬೈಕಿನ ಸದ್ದು ದೂರ ಹೋಗುವ ತನಕ ಇಕ್ಕಳ ಟೈರುಗಳ ಹಿಂದಿನಿಂದ ಏಳಲಿಲ್ಲ.

"ಮುಟ್ಟಿ ನೋಡಿದಳಾ?" ಅಂತ ಕೇಳಿದ.

"ನೋಡಿದಳು," ಅಂದೆ. ಉಳಿದದ್ದು ಹೇಳಲಿಲ್ಲ. ಅಷ್ಟು ಹತ್ತಿರ ಇದ್ದವನಿಗೆ ಕೇಳಿಸಿಯೇ ಇರುತ್ತದೆ.