ಗೋಲಿ ಬೀಳದ ದಿನ

ನಾನು ನಿಂತಿದ್ದದ್ದು ಕಬಡ್ಡಿ ಅಂಕಣದ ಮೂಡಣ ಮೂಲೆಯಲ್ಲಿ, ಶಿರಾ ತಂಡದ ಹಿಂದಿನ ಗೆರೆಯೂ ಪಕ್ಕದ ಗೆರೆಯೂ ಕೂಡುವ ಕಡೆ. ಗೆರೆ ನೋಡುವ ಕೆಲಸ ನನ್ನದು. ಎಂಬತ್ತರ ದಶಕದ ಆರಂಭ. ವರ್ಷ ಖಚಿತವಾಗಿ ಹೇಳಲಾರೆ. ಕಡಲೆಕಾಯಿ ಕಿತ್ತು ಮಂಡಿಗೆ ಬರುತ್ತಿದ್ದ ಕಾಲ, ಸಂಜೆ, ಪಾವಗಡದ ಕೋಟೆ ಬೆಟ್ಟದ ನೆರಳು ಆಗತಾನೆ ಮೈದಾನವನ್ನು ಮುಟ್ಟಿತ್ತು. ನನಗೆ ಎದುರಾಗಿ ನಡುಗೆರೆಯ ಆಚೆ ತುದಿಯಲ್ಲಿ ವಿಜ್ಞಾನದ ಮೇಷ್ಟ್ರು ನಿಂತಿದ್ದರು. ಎಡಗಿವಿಯಲ್ಲಿ ರೇಡಿಯೊದ ಇಯರ್‌ಫೋನ್. ಅದರ ತಂತಿ ಅಂಗಿಯ ಗುಂಡಿಗಳ ಸಂದಿನಿಂದ ಒಳಗೆ ಹೋಗಿತ್ತು. ಮುರಿದ ಕನ್ನಡಕದ ಕಡ್ಡಿಗೆ ತಾಮ್ರದ ತಂತಿ ಸುತ್ತಿಕೊಂಡಿದ್ದರು.

ಹೈಸ್ಕೂಲಿನಲ್ಲಿ ನಾನು ಅವರ ವಿದ್ಯಾರ್ಥಿ. ಆಮೇಲೆ ಕಡಲೆಕಾಯಿ ಮಂಡಿಯಲ್ಲಿ ತೂಕದ ಗುಮಾಸ್ತನಾದೆ. ಮೇಷ್ಟ್ರು ಕೊರಟಗೆರೆ ಕಡೆಯವರು, ತೆಳ್ಳನೆಯ ಆಳು. ಜೀವನದಲ್ಲಿ ಒಂದು ಆಟವನ್ನೂ ಆಡಿದವರಲ್ಲ. ಕಬಡ್ಡಿಯವರ ನಡುವೆ ಅವರಿಗೇನು ಕೆಲಸ ಎಂದು ಊರಿನವರು ನಗುತ್ತಿದ್ದರು. ಅದಕ್ಕೆ ಕಾರಣವನ್ನು ನನಗೆ ಅವರು ಹೇಳಿದ್ದು ಒಂದೇ ಸಲ.

ಪಾವಗಡಕ್ಕೆ ಬರುವ ಮೊದಲು ಅವರು ಮಧುಗಿರಿಯಲ್ಲಿದ್ದರು. ಅಲ್ಲಿ ಅವರ ಒಬ್ಬ ಶಿಷ್ಯ ಆಟದಲ್ಲಿ ತಲೆಕೆಳಗಾಗಿ ಬಿದ್ದ. ಎದ್ದು ಧೂಳು ಕೊಡವಿ ಕೊನೆಯವರೆಗೂ ಆಡಿದ. ಹೋಟೆಲಿನಲ್ಲಿ ಎಲ್ಲರ ಜೊತೆ ದೋಸೆ ತಿಂದ. ವಾಪಸು ಬರುವ ಬಸ್ಸಿನಲ್ಲಿ ಮೇಷ್ಟ್ರ ಪಕ್ಕದಲ್ಲಿ ಕುಳಿತ. "ಅವನ ತಲೆ ನನ್ನ ಭುಜದ ಮೇಲಿತ್ತು ಕಣಯ್ಯ. ನಿದ್ದೆ ಅಂದ್ಕೊಂಡೆ. ಎಬ್ಬಿಸಬಾರದು ಅಂತ ಅಲ್ಲಾಡದೆ ಕೂತಿದ್ದೆ" ಎಂದರು. ಅಷ್ಟು ಹೇಳಿ ಹಲಗೆ ಒರೆಸಿ ಹೊರಗೆ ಹೋದರು.

ಆಟಗಾರ ಬಾಯಲ್ಲಿ ಏನು ಹೇಳಿದರೂ ಮೈಗೆ ಎಷ್ಟು ಪೆಟ್ಟಾಯಿತು, ಎದೆ ಹೇಗೆ ಬಡಿಯುತ್ತಿದೆ ಎಂದು ತಿಳಿಸುವ ಒಂದು ಸಲಕರಣೆ ಅವರಿಗೆ ಬೇಕಿತ್ತು. ಎದೆಯದ್ದು ಮೊದಲು ಆಯಿತು. ಹಳೆಯ ಟೆಲಿಫೋನಿನ ಕಿವಿಯ ಭಾಗವನ್ನು ಬಟ್ಟೆಯ ಪಟ್ಟಿಗೆ ಹೊಲಿದು, ಕೈ ರೇಡಿಯೊದ ಒಳಭಾಗಕ್ಕೆ ಜೋಡಿಸಿದರು. ಪಟ್ಟಿಯನ್ನು ಎದೆಗೆ ಕಟ್ಟಿಸಿ ಇಯರ್‌ಫೋನಿನಲ್ಲಿ ಕೇಳುತ್ತಿದ್ದರು. ನಮ್ಮ ಮಂಡಿಯ ಹಮಾಲಿಗಳೇ ಊರಿನ ಕಬಡ್ಡಿ ತಂಡ; ಮೂಟೆ ಇಳಿಸಿ ಬಂದವರನ್ನು ಸಾಲಾಗಿ ನಿಲ್ಲಿಸಿ ಕಟ್ಟುತ್ತಿದ್ದರು. ತಿಪ್ಪೇಶ ಎಂಬ ಹಮಾಲಿ ತಂಡದ ಮುಖ್ಯ ದಾಳಿಗಾರ, ತಮಾಷೆಯವನು. "ಒಳಗೆ ನನ್ ಹೆಂಡ್ರು ಹೆಸ್ರು ಕೇಳಿಸ್ತೈತಾ ಸಾರ್?" ಎಂದ. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, "ಇಲ್ಲ ಕಣಯ್ಯ, ಮುದ್ದೆ ಮುದ್ದೆ ಅಂತೈತೆ" ಎಂದರು. ಮಂಡಿಯೆಲ್ಲ ನಕ್ಕಿತು. ಅವತ್ತಿನಿಂದ ಅವರು ನಮ್ಮವರಾದರು.

ಪೆಟ್ಟು ಅಳೆಯುವುದು ಕಷ್ಟವಾಯಿತು. ಕೊನೆಗೆ ಅವರು ಮಾಡಿದ್ದು ಇಷ್ಟು: ಕುಂಕುಮದ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಚೂರು ಅಯಸ್ಕಾಂತ, ಅದರ ಮೇಲೆ ಸೈಕಲ್ ಬೇರಿಂಗಿನ ಒಂದು ಗೋಲಿ, ಎರಡರ ನಡುವೆ ಕಾಗದದ ಚೂರುಗಳು. ಓಡಿದರೆ, ಉರುಳಿದರೆ ಗೋಲಿ ಕದಲಬಾರದು. ಬಲವಾದ ಪೆಟ್ಟು ಬಿದ್ದರೆ ಮಾತ್ರ ಕಿತ್ತುಕೊಂಡು ಡಬ್ಬಿಯ ತಳಕ್ಕೆ ಬೀಳಬೇಕು. ಕಾಗದ ಹೆಚ್ಚಿದಷ್ಟೂ ಅಯಸ್ಕಾಂತದ ಹಿಡಿತ ಸಡಿಲ. ಎಷ್ಟು ಕಾಗದ ಬೇಕೆಂದು ನೋಡಲು ಡಬ್ಬಿಯನ್ನು ಕಡಲೆಕಾಯಿ ಮೂಟೆಯಲ್ಲಿ ಹುದುಗಿಸಿ ಎಸೆಸುತ್ತಿದ್ದರು. ಹೆಗಲಿನಿಂದ ಎಸೆದಾಗ ಗೋಲಿ ನಿಲ್ಲಬೇಕು, ಲಾರಿಯ ಮೇಲಿನಿಂದ ಎಸೆದಾಗ ಬೀಳಬೇಕು. ಬೇಸಿಗೆಯೆಲ್ಲ ಮೂಟೆ ಬಿಚ್ಚುವುದು, ಕಾಗದ ಸೇರಿಸುವುದು, ಮತ್ತೆ ಹೊಲಿಯುವುದು. ಮಂಡಿಯ ಯಜಮಾನರು ಗೊಣಗಿದರೂ ಬೇಡವೆನ್ನಲಿಲ್ಲ.

ಡಬ್ಬಿಯನ್ನು ಕೌದಿಯ ತುಂಡಿನಲ್ಲಿ ಸುತ್ತಿ, ಬನಿಯನ್ನಿನ ಹಿಂಭಾಗದಲ್ಲಿ ಕತ್ತಿನ ಕೆಳಗೆ ಹೊಲಿದುಕೊಡುತ್ತಿದ್ದವರು ಮೇಷ್ಟ್ರ ಹೆಂಡತಿ. ಗೋಲಿ ಬಿದ್ದವನು ಆ ದಿನ ಮತ್ತೆ ಆಡುವಂತಿಲ್ಲ ಎಂದು ತಂಡದವರೆಲ್ಲ ಒಪ್ಪಿದರು. ಯಾರಾದರೂ ವಾದಕ್ಕಿಳಿದರೆ ಮೇಷ್ಟ್ರದು ಒಂದೇ ಮಾತು: "ನೀನು ಸುಳ್ಳು ಹೇಳ್ತೀಯ, ಗೋಲಿ ಹೇಳಲ್ಲ."

ಹಳ್ಳಿಗಳಲ್ಲಿ ಇದು ಬೇರೆ ರೂಪ ಪಡೆಯಿತು. ವೈ.ಎನ್. ಹೊಸಕೋಟೆಯಲ್ಲಿ ಆಡಲು ಹೋದಾಗ ಜನ ಅಂಕ ಬಿಟ್ಟು ಗೋಲಿಯನ್ನೇ ಕೇಳತೊಡಗಿದರು. ಎದುರಾಳಿಗಳು ನಮ್ಮವರ ಗೋಲಿ ಬೀಳಿಸುವುದನ್ನೇ ಗೆಲುವೆಂದು ತಿಳಿದು ಇನ್ನಷ್ಟು ಜೋರಾಗಿ ಕೆಡವಿದರು. ಅಲ್ಲಿ ತಿಪ್ಪೇಶನ ಗೋಲಿ ಬಿತ್ತು. ಅವನನ್ನು ಹೊರಗೆ ಕೂರಿಸಿದರು. ಬಸ್ಸಿನಲ್ಲಿ ಪಾವಗಡದವರೆಗೂ "ಒಂದು ಗೋಲಿ ಇಟ್ಕಳಕ್ಕಾಗ್ಲಿಲ್ವೇನ್ಲಾ" ಎಂದು ಅವನನ್ನು ಗೇಲಿ ಮಾಡಿದರು. ಅವನು ನಕ್ಕ. ಆದರೆ ಆ ಮಾತು ಅವನಿಗೆ ತಾಗಿತ್ತೆಂದು ಆಮೇಲೆ ತಿಳಿಯಿತು.

ಶಿರಾದವರ ಮೇಲಿನ ಫೈನಲ್ ನಮ್ಮ ಊರಿನಲ್ಲೇ ನಡೆಯಿತು. ಮೇಷ್ಟ್ರು ಎಲ್ಲರ ಡಬ್ಬಿ ನೋಡಿ ಮುಚ್ಚಿದರು. ಆಟಕ್ಕೆ ಇನ್ನೂ ಹೊತ್ತಿದ್ದುದರಿಂದ ಬನಿಯನ್ನುಗಳನ್ನು ಬೇವಿನ ಮರದ ಕೊಂಬೆಗೆ ನೇತುಹಾಕಿದ್ದರು.

ಎರಡನೆಯ ಅರ್ಧದಲ್ಲಿ ತಿಪ್ಪೇಶ ದಾಳಿಗೆ ಹೋದ. ನಾನು ನಿಂತಿದ್ದ ಮೂಲೆಗೆ ಎರಡು ಮಾರು ದೂರದಲ್ಲಿ ಶಿರಾದ ಇಬ್ಬರು ಅವನ ಸೊಂಟ ಹಿಡಿದು ಎತ್ತಿದರು. ಅದು ಆಟದ ಹಿಡಿತವೇ, ಅದರಲ್ಲಿ ಮೋಸವಿರಲಿಲ್ಲ. ಅವನು ಬಿದ್ದಾಗ ತಲೆಯ ಹಿಂಭಾಗ ನೆಲಕ್ಕೆ ತಾಗಿದ ಸದ್ದು ನನಗೆ ಕೇಳಿಸಿತು. ಸುತ್ತ ಶಿಳ್ಳೆಯಿತ್ತು, ಹತ್ತಿರವಿದ್ದವರನ್ನು ಬಿಟ್ಟರೆ ಬೇರೆಯವರಿಗೆ ಕೇಳಿಸಿರಲಾರದು.

ತಿಪ್ಪೇಶ ಎದ್ದ. ತೊಡೆ ತಟ್ಟಿಕೊಂಡ. ಔಟಾದವರು ತಮ್ಮ ಕಡೆ ಹೋಗಿ ಕೂರಬೇಕು. ಅವನು ಶಿರಾದವರ ಸಾಲಿಗೆ ಹೋಗಿ ಕುಳಿತ. ಶಿರಾದ ಬಾಷಾ, "ಅರೇ ಭಾಯ್, ನಮ್ ಕಡೆ ಸೇರ್ಕಂಡ್ಬುಟ್ಟಾ?" ಎಂದ. ಮೈದಾನವೇ ನಕ್ಕಿತು. ತಿಪ್ಪೇಶನ ತಮಾಷೆ ಎಲ್ಲರಿಗೂ ಗೊತ್ತಿದ್ದದ್ದೇ.

ಮೇಷ್ಟ್ರು ನಗಲಿಲ್ಲ. ಬಂದು ಅವನ ಬೆನ್ನ ಮೇಲಿನ ಡಬ್ಬಿ ತೆರೆದರು. ಗೋಲಿ ಇದ್ದಲ್ಲೇ ಇತ್ತು. ಪಟ್ಟಿ ಕಟ್ಟಿ ಎದೆ ಕೇಳಿದರು. ಅದೂ ಸರಿಯಾಗಿಯೇ ಬಡಿಯುತ್ತಿತ್ತಂತೆ. ಅಷ್ಟರಲ್ಲಿ ನಮ್ಮವನೊಬ್ಬ ಎದುರಾಳಿಯನ್ನು ಔಟ್ ಮಾಡಿ ತಿಪ್ಪೇಶನಿಗೆ ಜೀವ ತಂದಿದ್ದ; ಅವನು ಮತ್ತೆ ಆಟಕ್ಕೆ ಇಳಿಯಬಹುದಿತ್ತು. ಕ್ಯಾಪ್ಟನ್ ಓಬಳೇಶ ಓಡಿಬಂದು ಡಬ್ಬಿಯೊಳಗೆ ಇಣುಕಿದ.

"ಬಿದ್ದಿಲ್ವಲ್ಲ ಸಾರ್. ಗೋಲಿ ಸುಳ್ಳು ಹೇಳಲ್ಲ ಅಂದೋರು ನೀವೇ."

ಮೇಷ್ಟ್ರು ಇನ್ನೂ ಡಬ್ಬಿಯನ್ನೇ ನೋಡುತ್ತಿದ್ದರು. ಒಂದು ಇರುವೆ ಅದರ ಅಂಚು ದಾಟಿ ಅವರ ಹೆಬ್ಬೆರಳ ಉಗುರಿನ ಮೇಲೆ ಹತ್ತಿತು. ಹಿಂದೆಯೇ ಇನ್ನೊಂದು. ಅವರು ಜೇಬಿನಿಂದ ಬೆಂಕಿಕಡ್ಡಿ ತೆಗೆದು ಗೋಲಿಯನ್ನು ಮೀಟಿದರು. ಅದು ಕದಲಲಿಲ್ಲ. ಕಡ್ಡಿಯ ತುದಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡರು.

"ಬೆಲ್ಲ" ಎಂದರು.

ಮತ್ತೆ ಹೊರಗೆ ಕೂರಬೇಕಾದೀತೆಂದು, ಬನಿಯನ್ನು ಬೇವಿನ ಕೊಂಬೆಯಲ್ಲಿದ್ದಾಗ ತಿಪ್ಪೇಶನೇ ಬೆಲ್ಲ ಕರಗಿಸಿ ಗೋಲಿಯನ್ನು ಅಂಟಿಸಿರಬೇಕು. ಅದನ್ನು ಕೇಳುವ ಹೊತ್ತಲ್ಲ ಅದು. ಅವನು ಆಗಲೇ ಎದ್ದು ಅಂಕಣಕ್ಕೆ ನಡೆದಿದ್ದ. "ಏಮೀ ಲೇದು ಸಾರ್, ಬುಡಿ, ಏನೂ ಆಗಿಲ್ಲ" ಎನ್ನುತ್ತಿದ್ದ. ದಾಳಿಗೆ ನಡುಗೆರೆ ದಾಟಲು ಹೊರಟಾಗ ಮೇಷ್ಟ್ರು ಹಿಂದಿನಿಂದ ಓಡಿ ಅವನ ಸೊಂಟ ಹಿಡಿದರು.

ಅಂಪೈರ್ ಸೀಟಿ ಊದಿದರು. ಹೊರಗಿನವರು ಒಳಗೆ ಬಂದರೆ ತಂಡ ಸೋತಂತೆ ಎಂದು ಓಬಳೇಶ ಕೂಗಿದ. ಎರಡು ಮೂಟೆ ಒಟ್ಟಿಗೆ ಹೊರುತ್ತಿದ್ದ ತಿಪ್ಪೇಶ, ಮೇಷ್ಟ್ರನ್ನು ಎಳೆದುಕೊಂಡೇ ನನ್ನ ಮೂಲೆಯವರೆಗೂ ಬಂದ. ಅವರ ಮೊಣಕಾಲು ಸುಣ್ಣದ ಗೆರೆಯನ್ನು ಅಳಿಸಿಕೊಂಡು ಬಂತು. ಕನ್ನಡಕ ಬಿತ್ತು. ಜನ ಬಿದ್ದು ಬಿದ್ದು ನಗುತ್ತಿದ್ದರು. ಅವರ ಮುಖ ಅವನ ಬೆನ್ನಿಗೆ ಒತ್ತಿತ್ತು. ಅಲ್ಲಿಂದಲೇ, "ಸೋಲಲಿ ಕಣಯ್ಯ, ಸೋಲಲಿ" ಎಂದು ಮೆಲ್ಲಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. ನನ್ನ ಕಾಲ ಬಳಿ ಬಂದಾಗ ತಿಪ್ಪೇಶನ ಕಾಲು ಸೋತಿತು. ಕುಸಿದು ವಾಂತಿ ಮಾಡಿದ. ಆಗ ನಗು ನಿಂತಿತು.

ಮಂಡಿಯ ಲಾರಿಯಲ್ಲಿ ತುಮಕೂರಿಗೆ ಹೊರಟೆವು. ಮುಂದೆ ಡ್ರೈವರ್, ಮೇಷ್ಟ್ರು, ತಿಪ್ಪೇಶ, ನಾನು. ಮೇಷ್ಟ್ರು ಅವನ ತಲೆಯನ್ನು ತಮ್ಮ ಭುಜಕ್ಕೆ ಒರಗಲು ಬಿಡಲಿಲ್ಲ. ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ದಾರಿಯುದ್ದಕ್ಕೂ ಕೇಳುತ್ತಲೇ ಇದ್ದರು: ಇದು ಯಾವ ಊರು, ನಿನ್ನ ಮಗಳ ಹೆಸರೇನು, ಬೆಳಿಗ್ಗೆ ಏನು ತಿಂದೆ. ಮಧುಗಿರಿ ದಾಟುವಾಗಲೂ ಪ್ರಶ್ನೆ ನಿಲ್ಲಲಿಲ್ಲ. ತುಮಕೂರಿನಿಂದ ಬೆಂಗಳೂರಿಗೆ ಕಳಿಸಿದರು. ತಲೆಯೊಳಗೆ ರಕ್ತ ಕಟ್ಟಿತ್ತು, ತೆಗೆದರು. ತಿಪ್ಪೇಶ ಉಳಿದ.

ಷೀಲ್ಡು ಶಿರಾಕ್ಕೆ ಹೋಯಿತು. ಓಬಳೇಶ ಬಹಳ ಕಾಲ ಮೇಷ್ಟ್ರ ಜೊತೆ ಮಾತು ಬಿಟ್ಟಿದ್ದ. ಡಬ್ಬಿಗಳನ್ನು ಇನ್ನೂ ಗಟ್ಟಿಯಾಗಿ, ಬಿಚ್ಚಲಾಗದಂತೆ ಮಾಡಿ ಎಂದು ಕೆಲವರು ಹೇಳಿದರು. "ಕಬ್ಬಿಣಕ್ಕೂ ಬೆಲ್ಲ ತಿನ್ನಿಸ್ತಾರೆ ಕಣಯ್ಯ" ಎಂದು ಅವರು ಒಪ್ಪಲಿಲ್ಲ. ಆದರೂ ವರ್ಗವಾಗಿ ಹೋಗುವವರೆಗೂ ಪ್ರತಿ ಆಟಕ್ಕೆ ಬಂದರು. ಬಿದ್ದವನ ಮಣಿಕಟ್ಟು ಹಿಡಿದು, ಕಣ್ಣು ನೋಡಿ, ಬೆಳಿಗ್ಗೆ ಏನು ತಿಂದೆ ಎಂದು ಕೇಳುತ್ತಿದ್ದರು. ಈಗಲೂ ನಮ್ಮ ಕಡೆಯ ಆಟಗಳಲ್ಲಿ ಬಿದ್ದವನನ್ನು ಮೊದಲು ಕೇಳುವುದು ಅದನ್ನೇ. ಏಕೆಂದು ಹೊಸಬರಿಗೆ ಗೊತ್ತಿಲ್ಲ.

ನಿವೃತ್ತರಾದ ಮೇಲೆ ಮೇಷ್ಟ್ರು ಕೊರಟಗೆರೆಯಲ್ಲಿ ತೀರಿಕೊಂಡರು. ನಾನೂ ಓಬಳೇಶನೂ ಮಣ್ಣಿಗೆ ಹೋಗಿದ್ದೆವು. ತಿಪ್ಪೇಶನೂ ಬಂದಿದ್ದ. ಅವನಿಗೆ ಬಲಗಿವಿ ಕೇಳಿಸುವುದಿಲ್ಲ, ಆ ಸಂಜೆಯ ಒಂದು ಚೂರೂ ನೆನಪಿಲ್ಲ. ಮೇಷ್ಟ್ರು ಅವನನ್ನು ಹಿಡಿದ ಕತೆ ಹೇಳಿದರೆ ಇವತ್ತಿಗೂ ನಂಬುವುದಿಲ್ಲ. "ಆ ಕಡ್ಡಿ ಮೇಷ್ಟ್ರು? ನನ್ನಾ?" ಎನ್ನುತ್ತಾನೆ.

ಅಂಪೈರ್ ಈಗಿಲ್ಲ, ಲಾರಿ ಡ್ರೈವರೂ ಇಲ್ಲ. ಹತ್ತಿರದಿಂದ ಕಂಡವರಲ್ಲಿ ಪಾವಗಡದಲ್ಲಿ ಓಬಳೇಶ ಇದ್ದಾನೆ, ಶಿರಾದಲ್ಲಿ ಬಾಷಾ ಇದ್ದಾನೆ, ನಾನಿದ್ದೇನೆ. ತಿಪ್ಪೇಶನೂ ಇದ್ದಾನೆ.