ಬಿಸಿಯಾದರೆ ಮಾತ್ರ ಹಿಡಿಯುವ ಬ್ರೇಕು

ಅಂಗಡಿಯವನು ಗಾಜಿನ ಮೇಲೆ ಮೂರು ಡಬ್ಬಿ ಇಟ್ಟ. ಮೂರರಲ್ಲೂ ಬ್ರೇಕ್ ಪ್ಯಾಡುಗಳೇ. ಒಂದು ಊರೊಳಗೆ ಓಡಿಸುವುದಕ್ಕೆ, ಒಂದು ಎರಡಕ್ಕೂ ಸುಮಾರಾಗಿ ಒದಗುವಂಥದ್ದು, ಇನ್ನೊಂದು ರೇಸ್ ಟ್ರ್ಯಾಕಿಗೆ ಮಾತ್ರ. ತಿಂಗಳಿಗೊಂದು ಭಾನುವಾರ ಊರಾಚೆಯ ಟ್ರ್ಯಾಕಿನಲ್ಲಿ ಕಾರು ಓಡಿಸುವುದು ನನ್ನ ಚಟ. ಅಲ್ಲಿ ನನ್ನ ಮಾಮೂಲಿ ಪ್ಯಾಡುಗಳು ನಾಲ್ಕನೇ ಸುತ್ತಿಗೇ ಕಾದು ಕೈಕೊಡುತ್ತಿದ್ದವು. ನಡುವಿನ ಡಬ್ಬಿ ಸಾಕಾಗಿತ್ತು. ಆದರೆ ಸುಮಾರಾದದ್ದು ನನಗೆ ಆಗಿಬರುವುದಿಲ್ಲ ಅನ್ನುವ ಜಂಬ. ಮೂರನೆಯದಕ್ಕೇ ಕೈ ಹಾಕಿದೆ.

ಪಲ್ಲಾವರಂನ ಮೆಕ್ಯಾನಿಕ್ ಅದನ್ನು ಕೂರಿಸುತ್ತಲೇ ತನ್ನ ತಮಿಳಿನಲ್ಲಿ ಹೇಳಿದ್ದ: "ಸಾರ್, ಇದು ಸೂಡಾನಾ ದಾನ್ ಪಿಡಿಕ್ಕುಂ." ಬಿಸಿಯಾದರೆ ಮಾತ್ರ ಹಿಡಿಯುತ್ತದೆ, ತಣ್ಣಗಿದ್ದರೆ ಮರದ ತುಂಡು. ಟ್ರ್ಯಾಕ್ ಮುಗಿದ ದಿನವೇ ಮಾಮೂಲಿ ಪ್ಯಾಡು ಹಾಕಿಸಿಕೊಂಡು ಮನೆಗೆ ಹೋಗಬೇಕು ಎಂದಿದ್ದ.

ಆ ಭಾನುವಾರ ಅವನ ಶೆಡ್ಡಿಗೆ ಬಂದಾಗ ಗಂಟೆ ನಾಲ್ಕೂಮುಕ್ಕಾಲು. ರಾಹುಕಾಲ. ಅವನು ಸ್ಪ್ಯಾನರ್ ಮುಟ್ಟಲಿಲ್ಲ. ಆರು ಗಂಟೆಯವರೆಗೆ ಟೀ ಕುಡಿಯುತ್ತ ಕೂತಿರಿ ಸಾರ್ ಎಂದ. ನನಗೆ ರಾಹುಕಾಲದಲ್ಲಿ ನಂಬಿಕೆಯೂ ಇಲ್ಲ, ಕಾಯುವ ತಾಳ್ಮೆಯೂ ಇಲ್ಲ. ನಾಳೆ ಸಂಜೆ ಬರುತ್ತೇನೆಂದು ಹೊರಟುಬಿಟ್ಟೆ. ಟ್ರಾಫಿಕ್ಕಿನಲ್ಲಿ ಒತ್ತಿ ಒತ್ತಿ ಬ್ರೇಕು ಬಿಸಿಯಾಗಿಯೇ ಇತ್ತು, ಮೈಲಾಪೂರಿನ ಮನೆಯವರೆಗೂ ಸರಿಯಾಗಿ ಹಿಡಿಯಿತು.

ಮೈಸೂರಿನಿಂದ ಬಂದು ನನ್ನ ಜೊತೆಗಿರುವ ಅಮ್ಮನಿಗೆ ಮರುದಿನ ಬೆಳಿಗ್ಗೆ ಕಣ್ಣಿನ ತಪಾಸಣೆ. ಸೋಮವಾರದ ರಾಹುಕಾಲ ಏಳೂವರೆಯಿಂದ. ಅದಕ್ಕೆ ಮುಂಚೆ ಹೊಸ್ತಿಲು ದಾಟಬೇಕೆಂದು ಅಮ್ಮ ಆರಕ್ಕೇ ಶುರು ಹಚ್ಚಿಕೊಂಡಳು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಟೆವು. ಎರಡನೇ ತಿರುವಿನಲ್ಲಿ ನೀರಿನ ಲಾರಿ ನಿಂತಿತ್ತು. ಬ್ರೇಕು ಒತ್ತಿದೆ. ಕಾರು ನಿಧಾನವಾಯಿತು, ನಿಲ್ಲಲಿಲ್ಲ. ಅಮ್ಮ ಡ್ಯಾಶ್‌ಬೋರ್ಡಿಗೆ ಬಲಗೈ ಕೊಟ್ಟಳು. ಲಾರಿಗೆ ಗುದ್ದಿದ ಪೆಟ್ಟಿಗೆ ಮಣಿಕಟ್ಟು ಮುರಿಯಿತು.

ಆಮೇಲಿನದೆಲ್ಲ ಯಾರಿಗೋ ಆದದ್ದರ ಹಾಗೆ ನೆನಪಿದೆ. ಆಫೀಸಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಅಮ್ಮನಿಗೆ ಅನ್ನ ಕಲಸಿ ಕೊಡುತ್ತಿದ್ದೆ, ಜಡೆ ಹೆಣೆಯಲು ಕಲಿತೆ. ಅಳು ಬರಲಿಲ್ಲ. ನಿದ್ದೆ ಚೆನ್ನಾಗಿಯೇ ಬರುತ್ತಿತ್ತು. ನನ್ನ ಮೇಲೆ ನನಗೆ ಹೇಸಿಗೆಯಾಗಬೇಕಿತ್ತು, ಅದೂ ಆಗಲಿಲ್ಲ.

ಮೈಸೂರಿನಿಂದ ಚಿಕ್ಕಮ್ಮ ಫೋನ್ ಮಾಡಿದಾಗಲೆಲ್ಲ ಅಮ್ಮನದು ಒಂದೇ ಮಾತು. "ನಂದೇ ತಪ್ಪು ಕಣೇ. ರಾಹುಕಾಲ ರಾಹುಕಾಲ ಅಂತ ಅವನನ್ನ ಅವಸರ ಪಡಿಸ್ದೆ." ನಾನು ಅಲ್ಲೇ ಕೂತು ಹುರುಳಿಕಾಯಿ ಹೆಚ್ಚುತ್ತಿರುತ್ತಿದ್ದೆ. ಪ್ಯಾಡಿನ ವಿಷಯ ಬಾಯಿ ಬಿಡಲಿಲ್ಲ. ಒಂದು ಸಲವಲ್ಲ, ಪ್ರತಿ ಸಲವೂ.

ಆರು ವಾರದ ಮೇಲೆ ಕೈಯ ಪ್ಲಾಸ್ಟರ್ ಬಿಚ್ಚಿದರು. ಕೈ ಸೊರಗಿ ಹೋಗಿತ್ತು. ಮನೆಗೆ ಬರುವಾಗ ಆಟೋದಲ್ಲಿ ಅದನ್ನು ನೋಡುತ್ತ ಹೇಳಿದೆ.

"ಅಮ್ಮ, ತಪ್ಪು ನಿಂದಲ್ಲ. ಹಿಂದಿನ ದಿನ ಬ್ರೇಕ್ ಪ್ಯಾಡು ಬದಲಾಯಿಸದೆ ಬಂದಿದ್ದೆ."

"ಗೊತ್ತು" ಎಂದಳು ಅಮ್ಮ. "ಆ ಮೆಕ್ಯಾನಿಕ್ಕು ನೀನು ಬರಲಿಲ್ಲ ಅಂತ ಮಾರನೇ ದಿನವೇ ಮನೆ ಹುಡುಕಿಕೊಂಡು ಬಂದಿದ್ದ, ನೀನು ಆಫೀಸಲ್ಲಿದ್ದಾಗ. ನನ್ನ ಕೈ ನೋಡಿ, 'ನಾನು ಅವತ್ತೇ ಪ್ಯಾಡು ಬದಲಾಯಿಸಿ ಕೊಡಬೇಕಿತ್ತು' ಅಂತ ಅತ್ತುಬಿಟ್ಟ, ಪಾಪ. ನಿನ್ನನ್ನ ಯಾರೂ ಬೈಯೋದು ಬೇಡ ಅಂತ ನನ್ನ ಮೇಲೆ ಹಾಕ್ಕೊಂಡೆ. ನೀನಾಗಿ ಹೇಳ್ತೀಯ ಅಂತ ಕಾಯ್ತಿದ್ದೆ."

ಆರು ವಾರ ಕಾದಿದ್ದಳು. ಆ ಭಾನುವಾರ ಶೆಡ್ಡಿನಲ್ಲಿ ನಾನು ಕಾಯಬೇಕಾಗಿದ್ದದ್ದು ಒಂದೂಕಾಲು ಗಂಟೆ.