ಮೇಣದ ಮೇಲಿನ ನಗೆಗೆರೆ

ಹಲ್ಲು ಕಟ್ಟಿಸಿಕೊಳ್ಳಲು ಬಂದವರಲ್ಲಿ ಆ ಗಾದೆ ಹೇಳದ ಮಹಾನುಭಾವ ಇನ್ನೂ ಹುಟ್ಟಿಲ್ಲ. ಕುರ್ಚಿಯಲ್ಲಿ ಕೂತ ಕೂಡಲೇ ಬೊಚ್ಚು ಬಾಯಲ್ಲಿ ಉಗುಳು ಹಾರಿಸುತ್ತ, ತಾನೇ ಆಗಷ್ಟೇ ಹೊಸೆದದ್ದು ಎಂಬ ಠೀವಿಯಲ್ಲಿ, ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಇರುವಾಗ ಹಲ್ಲಿಲ್ಲ ಎನ್ನುತ್ತಾರೆ. ಆಮೇಲೆ ನಗುವಿಗಾಗಿ ಕಾಯುತ್ತಾರೆ. ಹಲ್ಲಣ್ಣ ನಗುವುದಿಲ್ಲ. "ಕಡಲೆ ತಂದಿದ್ದೀರಾ?" ಎಂದು ಕೇಳುತ್ತಾನೆ. ಯಾರೂ ತಂದಿರುವುದಿಲ್ಲ. "ಹಾಗಾದ್ರೆ ಸುಮ್ನೆ ಬಾಯಿ ತೆಗೀರಿ."

ಹಲ್ಲಣ್ಣ ಡಾಕ್ಟರಲ್ಲ. ಡಾಕ್ಟರು ಮಹಡಿಯ ಮೇಲೆ ಕೀಳುತ್ತಾರೆ, ಇವನು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕಟ್ಟುತ್ತಾನೆ. ಕೋಣೆಗೆ ಒಂದೇ ಕಿಟಕಿ. ಗೋಡೆಯ ಹಲಗೆಗಳ ಮೇಲೆ ಪ್ಲಾಸ್ಟರ್‌ನಲ್ಲಿ ಅಚ್ಚು ತೆಗೆದ ದವಡೆಗಳು ಸಾಲಾಗಿ ಬಾಯಿ ಬಿಟ್ಟುಕೊಂಡಿವೆ. ಆ ಬಿಳಿ ಪುಡಿ ಅವನ ಹುಬ್ಬಿಗೆ, ಕಿವಿಗೆ, ಬುತ್ತಿಯ ಡಬ್ಬಿಗೆಲ್ಲ ಕೂತಿರುತ್ತದೆ. ಊರಿನ ದೊಡ್ಡ ಮನುಷ್ಯರನ್ನೆಲ್ಲ ಖಾಲಿ ಬಾಯಲ್ಲಿ ನೋಡಿದವನು ಅವನೊಬ್ಬನೇ. ಹಾಗೆ ನೋಡಿದ ಮೇಲೆ ಯಾರ ಮೇಲೂ ಅವನಿಗೆ ಗೌರವ ಉಳಿದಿರಲಿಲ್ಲ, ಉಳಿದಿದೆ ಎಂದು ನಟಿಸುವಷ್ಟು ಸೌಜನ್ಯವೂ ಇರಲಿಲ್ಲ.

ಆದರೂ ಅವನ ಕೋಣೆಯಿಂದ ದಿನವಿಡೀ ನಗು ಕೇಳುತ್ತಿತ್ತು. ಅದು ಕೆಲಸದ ಭಾಗ. ಹಲ್ಲು ಕೂರಿಸುವ ಮುಂಚೆ ಗಿರಾಕಿಯ ಒಸಡಿನ ಮೇಲೆ ಮೇಣದ ಕಟ್ಟೆ ಇಟ್ಟು ನಗಿಸಬೇಕು. ನಕ್ಕಾಗ ಮೇಲ್ದುಟಿ ಎಲ್ಲಿಯವರೆಗೆ ಏರುತ್ತದೋ ಅಲ್ಲಿ ಚಾಕುವಿನ ತುದಿಯಿಂದ ಮೇಣದ ಮೇಲೊಂದು ಗೆರೆ ಎಳೆಯಬೇಕು. ಅದು ನಗೆಗೆರೆ. ಹಲ್ಲಿನ ಉದ್ದವೆಲ್ಲ ಆ ಗೆರೆಯ ಲೆಕ್ಕ. ಗೆರೆ ತಪ್ಪಿದರೆ ಮನುಷ್ಯ ಬಾಯಿ ತೆರೆದಾಗಲೆಲ್ಲ ಬೇರೆ ಯಾರೋ ನಕ್ಕಂತೆ ಕಾಣುತ್ತದೆ.

"ನಗಿ" ಎಂದರೆ ಯಾರೂ ನಗುವುದಿಲ್ಲ, ಕಿಸಿಯುತ್ತಾರೆ. ಹಾಗಾಗಿ ಅವನು ಹಾಸ್ಯದ ಕಥೆ ಹೇಳುತ್ತಿದ್ದ. ಕಥೆಗೆ ಒಂದು ಕಟ್ಟುನಿಟ್ಟಿತ್ತು, ಮೈಲಿಗೆಯದ್ದು ನಡೆಯುವುದಿಲ್ಲ. ಅವನೇನು ಮಡಿವಂತನಲ್ಲ. ಕೊಳಕು ಚಟಾಕಿ ಕೇಳಿದವನು ಮೊದಲು ಬಾಗಿಲ ಕಡೆ ನೋಡಿ ಆಮೇಲೆ ನಗುತ್ತಾನೆ, ಬಾಯಿ ಸೊಟ್ಟಗಾಗುತ್ತದೆ. ಇನ್ನೊಬ್ಬರನ್ನು ಆಡಿಕೊಂಡು ನಗುವವನಿಗೆ ಮೂಗು ಅರಳುತ್ತದೆ, ತುಟಿ ಏರುವುದಿಲ್ಲ. ಒಮ್ಮೆ ಒಬ್ಬ ಕಂಟ್ರಾಕ್ಟರ್, "ನಿಂದೇನು ಮಕ್ಕಳ ಕಥೆ, ನಾನು ಹೇಳ್ತೀನಿ ಕೇಳು" ಎಂದು ಶುರು ಮಾಡಿದ್ದ. ಹಲ್ಲಣ್ಣ ಅವನ ಬಾಯಿಂದ ಮೇಣ ಕಿತ್ತುಕೊಂಡು, "ನಿಮ್ಮ ಬಾಯಿಗೆ ಹಲ್ಲು ಬೇಡ ಸ್ವಾಮಿ, ಬಿರಡೆ ಸಾಕು" ಎಂದು ಎಬ್ಬಿಸಿ ಕಳಿಸಿದ.

ನಗುವಿನ ಬಗ್ಗೆ ಭಾಷಣ ಮಾಡುವವರನ್ನು ಕಂಡರಂತೂ ಅವನ ಮೈ ಉರಿಯುತ್ತಿತ್ತು. ಪಾರ್ಕಿನಲ್ಲಿ ಗುಂಪಾಗಿ ನಿಂತು, ಕೈ ಮೇಲೆತ್ತಿ, ಹೊಟ್ಟೆ ಕುಣಿಸಿ ಹಾ ಹಾ ಎನ್ನುವ ತಂಡದ ಮುಖಂಡ ಒಮ್ಮೆ ಬಂದು ಕೂತ. ನಗು ಸಕಲ ರೋಗಕ್ಕೂ ಮದ್ದು ಎಂದು ಅರ್ಧ ಗಂಟೆ ಕೊರೆದ. ಮೇಣ ಇಟ್ಟು ಕಥೆ ಹೇಳಿದರೆ ಮುಖ ಗೋಡೆ. ಕೇಳಿದ್ದಕ್ಕೆ, "ಇವತ್ತಿಂದು ಬೆಳಿಗ್ಗೆನೇ ಮುಗಿಸಿಬಿಟ್ಟೆ" ಎಂದ. ಇಂಥವರಿಗೆ ಏನು ಹೇಳುವುದು!

ಕಷ್ಟದಲ್ಲಿ ನಗುವುದು ಎಂದರೇನೆಂದು ಹಲ್ಲಣ್ಣನಿಗೆ ಕಲಿಸಿದ್ದು ಅಕ್ಕ. ಅಪ್ಪ ಅಮ್ಮ ಹೋದಾಗ ಅವನಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಪೋರ. ಅಕ್ಕ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಬಿಸಿನೀರಿನ ತೊಟ್ಟಿಯ ಪಕ್ಕ ನಿಂತು ಅವನನ್ನು ಸಾಕಿದಳು. ಗಂಜಿ ನೀರಾಗಿ ತಟ್ಟೆಯಲ್ಲಿ ಮುಖ ಕಾಣುವಂತಾದ ದಿನ ಅವನು ಮುಖ ಊದಿಸಿದರೆ, "ಕನ್ನಡಿ ತರೋ ಕೆಲಸ ತಪ್ಪಿತು, ಮೊದಲು ತಲೆ ಬಾಚ್ಕೊ, ಆಮೇಲೆ ಕುಡಿ" ಎನ್ನುತ್ತಿದ್ದಳು. ಅವನು ನಕ್ಕು, ತಲೆ ಬಾಚಿಕೊಂಡು ಕುಡಿಯುತ್ತಿದ್ದ. ಹಸಿವು ಹೋಗುತ್ತಿರಲಿಲ್ಲ, ಹಸಿವಿನ ಹೆದರಿಕೆ ಹೋಗುತ್ತಿತ್ತು. ಜಗತ್ತಿನಲ್ಲಿ ಹಲ್ಲಣ್ಣ ತಲೆಬಾಗಿದ್ದು ಅವಳೊಬ್ಬಳಿಗೇ. ಮುಂದೆ ಅವನು ಗಿರಾಕಿಗಳಿಗೆ ಹೇಳಿದ ಕಥೆಗಳೆಲ್ಲ, ಅವಳು ಮದುವೆಯಾಗಿ ಹೋದ ಮೇಲೆ ಭಾನುವಾರ ಬಂದಾಗ ಹೇಳಿಹೋದವೇ.

ಅಂಥ ಅಕ್ಕನಿಗೆ ಸಿಕ್ಕ ಗಂಡನೋ, ಕೊರಡು. ಹಲ್ಲಣ್ಣ ಅವನಿಗೆ ಇಟ್ಟ ಹೆಸರೇ ಅದು, ಬೆನ್ನ ಹಿಂದೆ ಮಾತ್ರ. ಭಾವ ಹತ್ತಿಯ ಗೋದಾಮಿನ ಕಾವಲುಗಾರ. ಮದುವೆಯಾದಂದಿನಿಂದ ಹಲ್ಲಣ್ಣ ಅವನ ಬಾಯಿಂದ ಕೇಳಿದ್ದು "ಹೂಂ", "ಆಯ್ತು", "ಬರ್ತೀನಿ". ಅಕ್ಕ ಕಥೆ ಹೇಳಿ ಇಡೀ ಮನೆಯನ್ನು ನಗಿಸುವಾಗ ಭಾವ ಮೂಲೆಯ ಸ್ಟೂಲಿನ ಮೇಲೆ ಟಾರ್ಚು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದ. ಕೋಣನ ಮುಂದೆ ಕಿನ್ನರಿ ಬಾರಿಸುತ್ತ ಅಕ್ಕ ತನ್ನ ಆಯುಷ್ಯ ಕಳೆದಳಲ್ಲ ಎಂದು ಹಲ್ಲಣ್ಣ ಹಲ್ಲು ಕಡಿಯುತ್ತಿದ್ದ.

ಅಕ್ಕನಿಗೆ ಹೊಟ್ಟೆಯೊಳಗೆ ಗಡ್ಡೆಯಾಯಿತು. ಆಸ್ಪತ್ರೆಯಲ್ಲಿ ಅವಳು ಹಲ್ಲಣ್ಣನಿಂದ ಕೇಳಿದ್ದು ಒಂದೇ. "ನಿಮ್ಮ ಭಾವಂಗೆ ಕೊನೇ ಹಲ್ಲೂ ಬಿತ್ತು. ನೀನೇ ಕಟ್ಕೊಡು. ನಗಿಸಿ ಗೆರೆ ತಗೊ. ಯಾವುದೋ ಕುದುರೆ ಹಲ್ಲು ಸಿಗಿಸಿ ಕೈ ತೊಳ್ಕೋಬೇಡ."

"ಅವರನ್ನ ನಗಿಸೋದಾ? ಗೋಡೆ ನಗಿಸು ಅನ್ನು, ಪ್ರಯತ್ನ ಮಾಡ್ತೀನಿ."

ಅಕ್ಕ ಅವನ ಮುಖ ನೋಡಿ ನಕ್ಕಳು. ಆ ನಗುವಿಗೆ ಸೋತು ಅವನು, "ಆಯ್ತು, ಕಟ್ಕೊಡ್ತೀನಿ" ಎಂದು ಮಾತು ಕೊಟ್ಟ. ಆ ವಾರವೇ ಹೋದಳು.

ಭಾವನನ್ನು ಹಲ್ಲಣ್ಣ ಮನೆಗೆ ಕರೆತಂದ. ಅಕ್ಕನ ಮುಖ ನೋಡಿ ತಂದದ್ದು, ಪ್ರೀತಿಯಿಂದಲ್ಲ. ಸಮಾಧಾನ ಹೇಳಲು ಬಂದವರು ಒಬ್ಬರೇ ಇಬ್ಬರೇ! ಚಪ್ಪಲಿ ಬಿಡುವಾಗ ಅಡುಗೆಮನೆಯ ವಾಸನೆ ಹಿಡಿಯುತ್ತ ಬಂದವರು ಚಾಪೆ ಕಂಡದ್ದೇ ಮುಖ ಇಳಿಬಿಟ್ಟು, ಹೋದವರ ಬಗ್ಗೆ ಹೇಳಬೇಕಾದ ನಾಲ್ಕು ಮಾತನ್ನು ಬಾಯಿಪಾಠ ಒಪ್ಪಿಸಿ, ಕಾಫಿ ಕುಡಿದು ಎದ್ದರು. ಹಲ್ಲಣ್ಣನ ಹೆಂಡತಿ ಪ್ರತಿಯೊಬ್ಬರ ಜೊತೆಗೂ ಹೊಸದಾಗಿ ಅತ್ತಳು. ಅವಳ ಕಣ್ಣು ಸದಾ ತುಂಬಿದ ಕೊಡ, ಅಲುಗಿದರೆ ಚೆಲ್ಲುತ್ತದೆ. ಹಾಲು ಒಡೆದರೂ ಅಳುವವಳು. ಇವಳೊಬ್ಬಳು ಅಳುಮುಂಜಿ, ಅವನೊಬ್ಬ ಕೊರಡು, ಮಧ್ಯೆ ನನ್ನ ಗತಿ ಎಂದುಕೊಂಡ ಹಲ್ಲಣ್ಣ.

ಭಾವ ಅಳಲೂ ಇಲ್ಲ. ಊಟ ಮಾತ್ರ ಬಿಟ್ಟ. ಅರ್ಧ ಬಟ್ಟಲು ಗಂಜಿ, ಅದೂ ಬಲವಂತಕ್ಕೆ. ಅಂಗಿಯೊಳಗೆ ಮನುಷ್ಯನಿದ್ದಾನೋ ಹ್ಯಾಂಗರ್ ಇದೆಯೋ ತಿಳಿಯದಂತಾದ. ನೋಡಿದ ಡಾಕ್ಟರು, "ಅಗಿದು ತಿನ್ನೋ ಹಾಗೆ ಮಾಡಿ, ಇಲ್ಲದಿದ್ರೆ ಇವರು ಹೆಚ್ಚು ದಿನ ಇರಲ್ಲ" ಎಂದರು. ಹಲ್ಲಣ್ಣ ನಗೆಯ ಗೊಡವೆಯೇ ಬೇಡವೆಂದು, ತುಟಿ ಮುಚ್ಚಿದ ಅಳತೆಯಲ್ಲೇ ಒಂದು ಜೊತೆ ಕಟ್ಟಿ ತಂದ. ಭಾವ ಹಾಕಿಕೊಂಡು ಕನ್ನಡಿ ನೋಡಿದ. ತೆಗೆದು ಲೋಟದ ನೀರಿಗೆ ಹಾಕಿದ. "ಇದು ಯಾರದ್ದೋ" ಎಂದ. ಮತ್ತೆ ಮುಟ್ಟಲಿಲ್ಲ.

ಹಲ್ಲಣ್ಣನಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು. ಈ ಮನುಷ್ಯ ಹೀಗೇ ಸೊರಗಿ ಹೋದರೆ ಅಕ್ಕನಿಗೆ ಕೊಟ್ಟ ಮಾತು ಹೋದಂತೆ. ಬೇರೆ ಯಾರ ಮಾತು ಹೋದರೂ ಅವನಿಗೆ ಚಿಂತೆಯಿರಲಿಲ್ಲ.

ಭಾನುವಾರ ಬೆಳಿಗ್ಗೆ ಹೊಸ ಮೇಣ ಕಾಯಿಸಿ, ಭಾವನನ್ನು ಬೆಳಕಿಗೆ ಎದುರಾಗಿ ಕೂರಿಸಿ, ಕಟ್ಟೆ ಬಾಯಿಗಿಟ್ಟು, ಕೈಯಲ್ಲಿ ಚಾಕು ಹಿಡಿದು ನಿಂತ. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಒಂದು ಕಥೆ ಹೇಳಿದ. ಭಾವ "ಹೂಂ" ಎಂದ. ಇನ್ನೊಂದು ಹೇಳಿದ. "ಹೂಂ". ಕೊನೆಗೆ ಎಂದೂ ಸೋಲದ ಕಥೆಯನ್ನೇ ತೆಗೆದ. ಸತ್ತವನನ್ನೂ ಎಬ್ಬಿಸಿ ನಗಿಸುವ ಕಥೆ ಎಂದು ಅವನಿಗೆ ಅದರ ಮೇಲೆ ಭರವಸೆ.

"ಒಬ್ಬ ಕಳ್ಳ ಒಂದು ಮನೆಗೆ ನುಗ್ಗಿದ. ಕಾಲೆಲ್ಲ ಕೆಸರು. ಮನೆಯಾಕೆಗೆ ಎಚ್ಚರ ಆಯ್ತು. ಕಳ್ಳನನ್ನ ನೋಡಿ ಕಿರುಚಲಿಲ್ಲ, ನೆಲ ನೋಡಿ ಕಿರುಚಿದ್ಲು. 'ಬೆಳಿಗ್ಗೆ ತಾನೇ ಒರೆಸಿದ್ದೀನಿ, ಕಣ್ಣು ಕಾಣಲ್ವಾ, ತಗೋ ಬಟ್ಟೆ, ಒರೆಸು' ಅಂದ್ಲು. ಕಳ್ಳ ಗಡಗಡ ನಡುಗಿ ಮೂಲೆ ಮೂಲೆ ಒರೆಸಿದ. ಆಕೆ ಗಂಡನನ್ನ ಎಬ್ಬಿಸಿ, 'ನೋಡಿ, ಕಳ್ಳನೇ ಒಂದು ಮಾತಿಗೆ ಕೇಳ್ತಾನೆ, ನೀವು ಇಷ್ಟು ವರ್ಷದಲ್ಲಿ ಒಂದು ದಿನ ಕಾಲು ಒರೆಸ್ಕೊಂಡು ಬಂದಿದ್ದೀರಾ?' ಅಂದ್ಲು. ಕಳ್ಳ ಸಿಕ್ಕಿದ್ದೇ ಸಮಯ ಅಂತ ಓಡಿಹೋದ."

ಭಾವ ಬಾಯಿಂದ ಮೇಣ ತೆಗೆದು ಅಂಗೈಯಲ್ಲಿ ಇಟ್ಟುಕೊಂಡ. "ಓಡಿಹೋಗಲ್ಲ" ಎಂದ.

"ಯಾರು?"

"ಕಳ್ಳ. ಅವನು ಒರೆಸೋ ಬಟ್ಟೆನ ಗಂಡನ ಕೈಗೆ ಕೊಟ್ಟು, 'ಇನ್ನು ನೀವು ನೋಡ್ಕೊಳ್ಳಿ ಸ್ವಾಮಿ, ನನ್ನ ಕೈಲಾಗಲ್ಲ' ಅಂತ ಹೇಳಿ ಹೋಗ್ತಾನೆ. ನಗು ಇರೋದೇ ಅಲ್ಲಿ. ನೀನು ಅದನ್ನೇ ಬಿಟ್ಟಿದ್ದೀಯ."

ಹಲ್ಲಣ್ಣನ ಕೈಯ ಚಾಕು ನಿಂತಲ್ಲೇ ನಿಂತಿತು. ಈ ಮನುಷ್ಯ ಇಷ್ಟು ಮಾತು ಒಟ್ಟಿಗೆ ಆಡಿದ್ದನ್ನು ಅವನು ಕೇಳಿರಲಿಲ್ಲ. "ಇದು ಅಕ್ಕನ ಕಥೆ, ನಿಮಗೆ ಹೇಗೆ ಗೊತ್ತು?"

"ಗೋದಾಮಿನ ಗೇಟಲ್ಲಿ ಒಬ್ಬನೇ ಕೂತಿದ್ರೆ ಹೊತ್ತು ಹೋಗಬೇಕಲ್ಲ. ಏನಾದ್ರೂ ಕಟ್ತಿದ್ದೆ. ಬೆಳಿಗ್ಗೆ ಮನೆಗೆ ಬಂದು ಅವಳಿಗೆ ಹೇಳ್ತಿದ್ದೆ. ಅವಳು ನಿಮಗೆಲ್ಲ ಹೇಳ್ತಿದ್ಲು. ನನಗೆ ಜನರ ಮುಂದೆ ಬಾಯಿ ಬರಲ್ಲ." ಅಂಗೈಯ ಮೇಣವನ್ನು ತಿರುಗಿಸಿ ನೋಡುತ್ತ ಭಾವ ಮತ್ತೆ ಹೇಳಿದ, "ನಾನೇ ಮಾಡಿದ ಅಡುಗೆನ ತಣ್ಣಗಾಗಿಸಿ ತಂದು ನನಗೇ ಬಡಿಸಿದ್ರೆ ಹೇಗಪ್ಪ ತಿನ್ನೋದು?"

ಮದುವೆಗೆ ಮುಂಚೆ ಅಕ್ಕ ಮಾತಿಗೆ ಮಾತು ಕೊಡುತ್ತಿದ್ದಳೇ ಹೊರತು ಒಂದು ಕಥೆಯನ್ನೂ ಹೇಳಿರಲಿಲ್ಲ ಎಂಬುದು ಹಲ್ಲಣ್ಣನಿಗೆ ಈಗ ಹೊಳೆಯಿತು. ಇಷ್ಟು ವರ್ಷ ಯಾರನ್ನು ಮನುಷ್ಯನೆಂದೇ ಎಣಿಸಿರಲಿಲ್ಲವೋ ಅವನ ಕಥೆಗಳಿಂದ ತನ್ನ ಅಂಗಡಿ ನಡೆದಿತ್ತು. ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಮೈಯೆಲ್ಲ ಉರಿಯಿತು.

"ಹಾಗಾದ್ರೆ ನೀವು ನಗೋದು ಯಾವಾಗ?" ಎಂದು ರೇಗಿದ.

"ಅವಳು ನಕ್ಕ ಮೇಲೆ. ಅವಳ ನಗು ನೋಡಿದ್ರೆ ನನಗೂ ಬರ್ತಿತ್ತು. ನೀನು ಯಾವತ್ತಾದ್ರೂ ನಕ್ಕಿದ್ದೀಯಾ? ಬೇರೆಯವರನ್ನ ನಗಿಸಿ ಅವರ ತುಟಿ ನೋಡ್ತೀಯ, ಅಷ್ಟೇ."

ಭಾವ ಮೇಣವನ್ನು ತಾನೇ ಬಾಯಿಗಿಟ್ಟುಕೊಂಡು, ತೊದಲುತ್ತ, "ಅವಳಿಗೆ ನೋವು ಜಾಸ್ತಿ ಆಗಿದ್ದ ದಿನ ಒಂದು ನಡೀತು. ಕಟ್ಟಿದ್ದಲ್ಲ, ನಿಜವಾಗ್ಲೂ ನಡೆದದ್ದು" ಎಂದು ಶುರು ಮಾಡಿದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ನೋಡೋಕೆ ಒಬ್ಬರು ಬಂದ್ರು. ಬಂದೋರೇ ಮಂಚದ ಪಕ್ಕ ನಿಂತು ಗೊಳೋ ಅಂತ ಅತ್ರು. ನಿಲ್ಲಿಸೋ ಲಕ್ಷಣನೇ ಇಲ್ಲ. ನಿಮ್ಮಕ್ಕ ಎದ್ದು ಕೂತು, 'ನೋಡಮ್ಮ, ನಮ್ಮಿಬ್ಬರಲ್ಲಿ ನಿನ್ನ ಸ್ಥಿತಿನೇ ಕಷ್ಟ ಇದೆ. ನೀನು ಮಲ್ಕೋ, ನಾನೇ ನಿನ್ನ ನೋಡೋಕೆ ಬಂದಿರ್ತೀನಿ' ಅಂತ ಅವರನ್ನ ಮಂಚದ ಮೇಲೆ ಮಲಗಿಸಿ, ಹೊದಿಕೆ ಹೊದಿಸಿ, ತಾನು ಸ್ಟೂಲ್ ಮೇಲೆ ಕೂತ್ಲು. ಅಷ್ಟರಲ್ಲಿ ಹೊಸ ನರ್ಸ್ ಬಂದ್ಲು. ಜೋರಿನ ಹೆಂಗಸು. ಮಲಗಿರೋರ ಬಾಯಿಗೆ ಥರ್ಮಾಮೀಟರ್ ಇಟ್ಲು. ಇವರು ಮಾತಾಡೋಕೆ ಹೋದ್ರೆ, 'ಶ್!' ಅಂದ್ಲು. 'ಜ್ವರ ಪೂರ್ತಿ ಇಳಿದಿದೆ, ಯಾಕಮ್ಮ ಅಳ್ತೀರಾ' ಅಂತ ಬೈದು, ನಿಮ್ಮಕ್ಕನ ಕಡೆ ತಿರುಗಿ, 'ನೀವು ಮನೆಯವರಾ? ಇವರಿಗೆ ಸ್ವಲ್ಪ ಧೈರ್ಯ ಹೇಳಬಾರದಾ?' ಅಂದ್ಲು. ನಿಮ್ಮಕ್ಕ, 'ಹೇಳಿ ಹೇಳಿ ಸಾಕಾಯ್ತು ಸಿಸ್ಟರ್, ಈ ಪೇಷಂಟ್ ಮಾತೇ ಕೇಳಲ್ಲ' ಅಂದ್ಲು. ನರ್ಸು ಆ ಕಹಿ ಔಷಧಿ ಎರಡು ಚಮಚ ತುಂಬಿಸಿದ್ಲು. ಇವರು ಕುಡಿದ್ರು."

"ಕುಡಿದ್ರಾ! ಯಾಕೆ ಕುಡಿದ್ರು?"

"ಕುಡೀದೆ ಇನ್ನೇನು ಮಾಡ್ಲಿ?" ಅಡುಗೆಮನೆಯಿಂದ ಹೆಂಡತಿ ಕೈಯಲ್ಲಿ ಸೌಟು ಹಿಡಿದು ಬಂದು ಬಾಗಿಲಲ್ಲಿ ನಿಂತಳು. "ಆ ನರ್ಸು ನನ್ನ ಮೂಗು ಹಿಡ್ಕೊಂಡಿದ್ಲು! ಅಣ್ಣಾ, ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ರಿ ನೀವು!"

ಹಲ್ಲಣ್ಣ ಹೆಂಡತಿಯನ್ನು ನೋಡಿದ, ಭಾವನನ್ನು ನೋಡಿದ. ಮೊದಲು ಅವನ ಮೂಗಿನಿಂದ ಒಂದು ವಿಚಿತ್ರ ಸದ್ದು ಬಂತು. ಆಮೇಲೆ ಹೊಟ್ಟೆ ಹಿಡಿದು, ಮೇಜಿಗೆ ಒರಗಿ, ಉಸಿರು ಸಿಗದೆ ನಕ್ಕ. "ಎರಡು ಚಮಚ..." ಎನ್ನುವುದು, ಮತ್ತೆ ನಗುವುದು. ಹೆಂಡತಿ ಸಿಟ್ಟು ಮಾಡಲು ಹೋಗಿ ತಾನೂ ನಕ್ಕುಬಿಟ್ಟಳು. ಅವರಿಬ್ಬರನ್ನು ನೋಡುತ್ತಿದ್ದ ಭಾವನ ತುಟಿ ಮೆಲ್ಲಗೆ ಏರಿತು, ಎರಡೂ ಕಡೆ ಸಮನಾಗಿ, ಮೇಣವೆಲ್ಲ ಕಾಣುವಷ್ಟು ಏರಿತು. ಅಕ್ಕ ಇಷ್ಟು ವರ್ಷ ಬೆಳಿಗ್ಗೆ ಬೆಳಿಗ್ಗೆ ನೋಡುತ್ತಿದ್ದ ಮುಖ ಅದು.

ಎಲ್ಲರೂ ಕಣ್ಣೊರೆಸಿಕೊಂಡ ಮೇಲೆ ಭಾವ ಕೇಳಿದ, "ಗೆರೆ ಎಳೆದ್ಯಾ?"

ಹಲ್ಲಣ್ಣ ಕೈಯಲ್ಲಿದ್ದ ಚಾಕು ನೋಡಿದ. ಮೇಣದ ಮೇಲೆ ಒಂದು ಗೀರೂ ಇರಲಿಲ್ಲ. "ಮರೆತೇಬಿಟ್ಟೆ. ಭಾವ, ಇನ್ನೊಂದ್ಸಲ ಹೇಳಿ."

"ಎರಡನೇ ಸಲಕ್ಕೆ ನಿಮ್ಮಕ್ಕನೂ ನಗ್ತಿರ್ಲಿಲ್ಲ" ಎಂದ ಭಾವ. ಮೇಣವನ್ನು ಬಾಯಿಂದ ತೆಗೆದು ಅವನ ಕೈಗಿಟ್ಟ. "ನಾಳೆ ಬೇರೆ ಹೇಳ್ತೀನಿ." ಆಮೇಲೆ ಬಾಗಿಲಲ್ಲಿ ನಿಂತಿದ್ದವಳ ಕಡೆ ತಿರುಗಿ, ಗಂಜಿ ಇನ್ನೂ ಉಳಿದಿದೆಯೇ ಎಂದು ಕೇಳಿದ.